ರಗ್ಬಿಯಲ್ಲಿ ಪಾಸ್ ಮತ್ತು ಕ್ಯಾಚ್ ಕಲಿಸುವುದು ಹೇಗೆ: ಚೆಂಡು ಬಿಡುವ ತಂಡಕ್ಕೆ ಹಂತ ಹಂತದ ಮಾರ್ಗದರ್ಶಿ

ಎದುರುಬದುರು ನಿಂತಾಗ ಇಪ್ಪತ್ತಕ್ಕೆ ಇಪ್ಪತ್ತೂ ಹಿಡಿಯುವ ಮಕ್ಕಳು ಪಂದ್ಯ ಶುರುವಾದರೆ ಮೂರನೇ ಪಾಸಿಗೇ ಚೆಂಡು ಬಿಡುತ್ತಾರೆ. ಹಾಸನ, ಚಿಕ್ಕಮಗಳೂರು ಕಡೆ ಹೊಸದಾಗಿ ರಗ್ಬಿ ಹಿಡಿದ ಶಾಲೆ-ಕಾಲೇಜುಗಳ ಪಿ.ಟಿ. ಮೇಷ್ಟ್ರುಗಳಿಗೆ ಇದೇ ತಲೆನೋವು. ಮಕ್ಕಳ ಕೈ ಸರಿಯಾಗಿಯೇ ಇರುತ್ತದೆ, ಎಡವಟ್ಟಾಗುವುದು ಕಲಿಸುವ ಕ್ರಮದಲ್ಲಿ. ಮೊಬೈಲ್‌ನಲ್ಲಿ ನೋಡಿದ, ಚೆಂಡು ಗಿರಗಿರನೆ ತಿರುಗುತ್ತಾ ಹೋಗುವ ಉದ್ದ ಪಾಸನ್ನು ಮೊದಲ ದಿನವೇ, ಅದೂ ನಿಂತಲ್ಲೇ ಕಲಿಸುತ್ತಾರೆ. ಕ್ಯಾಚ್ ಹಿಡಿಯುವುದನ್ನು ಕಲಿಸುವುದೇ ಇಲ್ಲ, ಅದು ತಾನಾಗಿ ಬರುತ್ತದೆ ಅಂದುಕೊಳ್ಳುತ್ತಾರೆ.

ಇಲ್ಲಿ ಕ್ರಮ ಉಲ್ಟಾ. ಮೊದಲು ಕ್ಯಾಚ್, ಆಮೇಲೆ ತಿರುಗದ ಗಿಡ್ಡ ಪಾಸ್, ನಂತರ ಓಡುತ್ತಾ ಪಾಸ್, ನಂತರ ಎದುರಾಳಿ. ಚೆಂಡು ತಿರುಗಿಸುವುದು ಇವೆಲ್ಲ ಆದ ಮೇಲೆ. ಒಂದು ಹಂತ ಗಟ್ಟಿಯಾಗದೆ ಮುಂದಿನದಕ್ಕೆ ಹೋಗಬೇಡಿ. ಗಟ್ಟಿಯಾಯಿತು ಅನ್ನಲು ಒಂದು ಅಳತೆ ಇಟ್ಟುಕೊಳ್ಳಿ: ಹತ್ತರಲ್ಲಿ ಎಂಟು ಕ್ಯಾಚ್ ಎದೆಗೆ ತಾಗದೆ ಬರೀ ಕೈಯಲ್ಲಿ ಬರಬೇಕು, ಎಡಗಡೆಯಿಂದಲೂ ಬಲಗಡೆಯಿಂದಲೂ.

## ಮೊದಲು ಸಾಮಾನು ಮತ್ತು ಮೈದಾನ

ಚೆಂಡು. ದೊಡ್ಡವರ ಪಂದ್ಯಕ್ಕೆ 5ನೇ ನಂಬರ್ ಚೆಂಡು: ಉದ್ದ 28ರಿಂದ 30 ಸೆಂ.ಮೀ., ತೂಕ 410ರಿಂದ 460 ಗ್ರಾಂ. ಹತ್ತರಿಂದ ಹದಿನಾಲ್ಕು ವರ್ಷದವರಿಗೆ 4ನೇ ನಂಬರ್, ಅದಕ್ಕಿಂತ ಚಿಕ್ಕವರಿಗೆ 3. ಏಳನೇ ಕ್ಲಾಸಿನ ಮಗುವಿಗೆ 5ನೇ ನಂಬರ್ ಕೊಟ್ಟರೆ ಬೆರಳು ಸುತ್ತ ಹಿಡಿಯುವುದಿಲ್ಲ, ಮಗು ಚೆಂಡನ್ನು ಎದೆಗೆ ಅವುಚಿಕೊಳ್ಳಲು ಕಲಿಯುತ್ತದೆ. ಆ ಚಾಳಿ ಬಿಡಿಸಲು ಆಮೇಲೆ ತಿಂಗಳುಗಟ್ಟಲೆ ಬೇಕು.

ಗಾಳಿ. ಪಂದ್ಯದ ಒತ್ತಡ 9.5ರಿಂದ 10 ಪಿ.ಎಸ್.ಐ. ಕಲಿಯುವವರಿಗೆ ಇದಕ್ಕಿಂತ ಸ್ವಲ್ಪ ಕಡಿಮೆ ಇದ್ದರೂ ನಡೆಯುತ್ತದೆ, ಹೆಚ್ಚಾಗಬಾರದು. ಕಲ್ಲಿನಂತಿರುವ ಚೆಂಡು ಬೆರಳಿಂದ ಪುಟಿಯುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್‌ಗೆ ಕೊಡಬೇಡಿ, ಒಂದೇ ಏಟಿಗೆ ಉಬ್ಬಿ ಹೊಲಿಗೆ ಬಿಡುತ್ತದೆ. ಕೈ ಪಂಪು ಸಾಕು. ಸೂಜಿಯನ್ನು ಒದ್ದೆ ಮಾಡಿ ನೆಟ್ಟಗೆ ಚುಚ್ಚಿ, ಒಣ ಸೂಜಿ ವಾಲ್ವ್ ಹರಿಯುತ್ತದೆ.

ಎಷ್ಟು ಬೇಕು. ಇಪ್ಪತ್ತು ಮಕ್ಕಳಿಗೆ ಹತ್ತು ಚೆಂಡು ಇದ್ದರೆ ಅನುಕೂಲ, ಐದರಲ್ಲೂ ನಡೆಸಬಹುದು. ಎರಡೇ ಚೆಂಡು ಇಟ್ಟುಕೊಂಡು ಇಪ್ಪತ್ತು ಜನರನ್ನು ಸಾಲಿನಲ್ಲಿ ನಿಲ್ಲಿಸಿದರೆ ಒಬ್ಬೊಬ್ಬರಿಗೆ ಸಿಗುವ ಪಾಸು ತೀರಾ ಕಡಿಮೆ. ಅದಕ್ಕಿಂತ ಕಡಿಮೆ ಮಕ್ಕಳನ್ನು ಕರೆದು ಎರಡು ಬ್ಯಾಚ್ ಮಾಡಿ.

ಗುರುತು. ಇಪ್ಪತ್ತನಾಲ್ಕು ಕೋನ್ ಬೇಕು. ಇಲ್ಲದಿದ್ದರೆ ಹಳೇ ಚಪ್ಪಲಿ ಅಥವಾ ಖಾಲಿ ಪ್ಲಾಸ್ಟಿಕ್ ಬಾಟಲಿ ಇಡಿ, ಇಟ್ಟಿಗೆ-ಕಲ್ಲು ಬೇಡ. ಗೆರೆ ಎಳೆಯಲು ಸೀಮೆಸುಣ್ಣದ ಪುಡಿಯೇ ಆಗಬೇಕು. ಸುಟ್ಟ ಸುಣ್ಣ ಒದ್ದೆ ಚೆಂಡಿಗೆ ಅಂಟಿ, ಕೈಯಿಂದ ಕಣ್ಣಿಗೆ ಹೋದರೆ ಕಣ್ಣೇ ಸುಡುತ್ತದೆ.

ದಿಕ್ಕು. ಸಂಜೆ ಅಭ್ಯಾಸವಾದರೆ ಓಟವನ್ನು ಪೂರ್ವ-ಪಶ್ಚಿಮವಾಗಿ ಇಡಿ. ಪಾಸು ಅಡ್ಡಕ್ಕೆ, ಅಂದರೆ ಉತ್ತರ-ದಕ್ಷಿಣಕ್ಕೆ ಹೋಗುತ್ತದೆ, ಹಿಡಿಯುವವರ ಕಣ್ಣಿಗೆ ಬಿಸಿಲು ಬೀಳುವುದಿಲ್ಲ. ಉತ್ತರ-ದಕ್ಷಿಣವಾಗಿ ಓಡಿಸಿದರೆ ಅರ್ಧ ಕ್ಯಾಚು ಸೂರ್ಯನನ್ನೇ ನೋಡಿಕೊಂಡು ಹಿಡಿಯಬೇಕಾಗುತ್ತದೆ.

ಕೈ. ಉಗುರು ಕತ್ತರಿಸಿರಬೇಕು. ಉಂಗುರ, ಕಡಗ, ಬಳೆ, ಓಲೆ, ಸರ ಎಲ್ಲ ಬಿಚ್ಚಿಡಬೇಕು. ಆಟದ ನಿಯಮವೂ ಅದೇ. ಉಂಗುರದ ಬೆರಳಿಗೆ ಚೆಂಡು ಬಡಿದು ಊದಿಕೊಂಡರೆ ಉಂಗುರ ಕತ್ತರಿಸಿಯೇ ತೆಗೆಯಬೇಕಾಗುತ್ತದೆ.

## ಹಂತ 1: ಚೆಂಡಿನ ಪರಿಚಯ (ಹತ್ತು ನಿಮಿಷ, ಎರಡು ದಿನ ಸಾಕು)

ಸೊಂಟದ ಸುತ್ತ, ಮಂಡಿ ಸುತ್ತ, ಕಾಲ ನಡುವೆ ಎಂಟರ ಆಕಾರದಲ್ಲಿ ಚೆಂಡು ಆಡಿಸಲಿ. ಒಂದು ಕೈಯಿಂದ ಇನ್ನೊಂದಕ್ಕೆ ಬೆರಳ ತುದಿಯಲ್ಲೇ ತಟ್ಟಲಿ. ಚೆಂಡು ಅಂಗೈಗೆ ತಾಗದೆ ಬೆರಳಲ್ಲೇ ಓಡಾಡಬೇಕು, ನೋಡಬೇಕಾದ್ದು ಇಷ್ಟೇ. ಡಿಸೆಂಬರ್-ಜನವರಿಯ ಬೆಳಗ್ಗೆ ಬೆರಳು ಮರಗಟ್ಟಿರುತ್ತವೆ. ಆ ದಿನಗಳಲ್ಲಿ ಈ ಹತ್ತು ನಿಮಿಷವನ್ನು ಯಾವತ್ತೂ ಬಿಡಬೇಡಿ, ಬೆರಳು ಮಡಚಿಕೊಂಡು ಉಳುಕುವುದು ಹೆಚ್ಚಾಗಿ ಆಗಲೇ.

## ಹಂತ 2: ಕ್ಯಾಚ್

ಮಾರ್ಗದರ್ಶಿಯ ಬೇರೆಲ್ಲ ಭಾಗ ಬಿಟ್ಟರೂ ಇದೊಂದನ್ನು ಓದಿ.

ಕೈಯ ಆಕಾರ. ಎರಡೂ ಕೈ ಎದೆಯ ಮಟ್ಟದಲ್ಲಿ, ಪಾಸು ಬರುವ ಕಡೆಗೆ ಚಾಚಿರಬೇಕು. ಮೊಣಕೈ ಸ್ವಲ್ಪ ಬಾಗಿರಲಿ. ಬೆರಳು ಅಗಲವಾಗಿ ಹರಡಿ ಮೇಲಕ್ಕೆ ಮುಖ ಮಾಡಿರಲಿ, ಎರಡು ಹೆಬ್ಬೆಟ್ಟಿನ ನಡುವೆ ನಾಲ್ಕು ಬೆರಳಿನಷ್ಟು ಜಾಗ ಇರಲಿ. ಅಂಗೈ ಚೆಂಡಿನ ಕಡೆ ತಿರುಗಿರಬೇಕು.

ಮೈಯ ದಿಕ್ಕು. ಸೊಂಟ ಮತ್ತು ಪಾದ ಓಡುವ ದಿಕ್ಕಿಗೇ ಇರಬೇಕು, ತಿರುಗಬೇಕಾದ್ದು ತಲೆ ಮತ್ತು ಭುಜ ಮಾತ್ರ. ನಮ್ಮ ಕಡೆ ಥ್ರೋಬಾಲ್ ಆಡಿ ಬಂದ ಹುಡುಗಿಯರು ಇಲ್ಲೇ ಸಿಕ್ಕಿಕೊಳ್ಳುವುದು. ಅವರ ಕೈ ಒಳ್ಳೆಯದು, ಆದರೆ ಚೆಂಡಿಗೆ ಪೂರ್ತಿ ಮುಖ ಕೊಟ್ಟು ನಿಂತು ಅಭ್ಯಾಸ. ಓಡುತ್ತಾ ಹಾಗೆ ತಿರುಗಿದರೆ ಕಾಲಿಗೆ ಕಾಲು ತೊಡರುತ್ತದೆ. ಕಬಡ್ಡಿಯವರ ಕಾಲು ಬಲು ಚುರುಕು, ಆದರೆ ಕೈ ತೊಡೆಯ ಹತ್ತಿರವೇ ಇರುತ್ತದೆ, ಮೇಲೇಳುವುದು ತಡ. ಕ್ರಿಕೆಟ್‌ನವರು ಚೆಂಡಿನ ಜೊತೆ ಕೈಯನ್ನು ಮೈಯತ್ತ ಎಳೆದುಕೊಳ್ಳುತ್ತಾರೆ. ಲೆದರ್ ಬಾಲಿಗೆ ಅದು ಸರಿ, ಇಲ್ಲಿ ಹಾಗೆ ಎಳೆದುಕೊಳ್ಳುವಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾನೆ. ಯಾರು ಯಾವ ಆಟದಿಂದ ಬಂದವರು ಎಂದು ಮೊದಲೇ ಕೇಳಿಟ್ಟುಕೊಂಡರೆ ತಿದ್ದುವುದು ಸುಲಭ.

ಅಭ್ಯಾಸ ಒಂದು: ಮಂಡಿಯೂರಿ. ಇಬ್ಬರು 2 ಮೀಟರ್ ಅಂತರದಲ್ಲಿ, ಅಕ್ಕಪಕ್ಕ, ಒಂದೇ ದಿಕ್ಕಿಗೆ ಮುಖ ಮಾಡಿ ಮಂಡಿಯೂರಲಿ. ಮಂಡಿಯೂರಿದರೆ ಸೊಂಟ ತಿರುಗಿಸಲು ಆಗುವುದಿಲ್ಲ, ಭುಜ ಮಾತ್ರ ತಿರುಗಿಸಲು ತಾನಾಗಿ ಕಲಿಯುತ್ತಾರೆ. ಒಬ್ಬರು ಮೆತ್ತಗೆ ತೂರಲಿ, ಇನ್ನೊಬ್ಬರು ಹಿಡಿಯಲಿ. ಎಡದಿಂದ ಇಪ್ಪತ್ತು, ಜಾಗ ಬದಲಿಸಿ ಬಲದಿಂದ ಇಪ್ಪತ್ತು. ಕಡೂರು, ಅರಸೀಕೆರೆ ಕಡೆಯ ಗಟ್ಟಿ ನೆಲದಲ್ಲಿ ಮಂಡಿ ಕೆಳಗೆ ಗೋಣಿಚೀಲ ಹಾಸಿ.

ಅಭ್ಯಾಸ ಎರಡು: ಅಂಕಿ ಹೇಳುವುದು. ರಗ್ಬಿ ಚೆಂಡಿನ ಹೊರಮೈಗೆ ನಾಲ್ಕು ಹಾಳೆ. ಒಂದೊಂದರ ಮೇಲೆ ಮಾರ್ಕರ್‌ನಲ್ಲಿ 1, 2, 3, 4 ಎಂದು ದೊಡ್ಡದಾಗಿ ಬರೆಯಿರಿ. ಹಿಡಿದ ಕ್ಷಣವೇ ಮುಖಕ್ಕೆ ನೇರವಾಗಿರುವ ಅಂಕಿಯನ್ನು ಕೂಗಿ ಹೇಳಬೇಕು. ಕಣ್ಣು ಚೆಂಡಿನ ಮೇಲೆ ಕೊನೆಯವರೆಗೂ ಇದ್ದವರಿಗೆ ಮಾತ್ರ ಅಂಕಿ ಥಟ್ಟನೆ ಕಾಣುತ್ತದೆ. ಹಿಡಿದ ಮೇಲೆ ತಲೆ ಬಗ್ಗಿಸಿ ಹುಡುಕುವವರ ನೋಟ ಮೊದಲೇ ಬೇರೆಡೆ ಹೋಗಿತ್ತು ಎಂದು ತಿಳಿಯಿರಿ.

ಒಂದು ಕಟ್ಟುನಿಟ್ಟಿನ ನಿಯಮ. ಹಿಡಿಯುವವರ ಕೈ ಮೇಲೆದ್ದು ಚಾಚಿಕೊಳ್ಳುವವರೆಗೆ ಪಾಸ್ ಕೊಡುವಂತಿಲ್ಲ. ಕೈ ಇಲ್ಲ ಅಂದರೆ ಚೆಂಡಿಲ್ಲ. ಮೊದಲ ವಾರ ಆಟ ನಿಧಾನವಾಗುತ್ತದೆ, ಮಕ್ಕಳು ಗೊಣಗುತ್ತಾರೆ. ಸಡಿಲ ಬಿಡಬೇಡಿ.

ಚೆಂಡು ಬಿದ್ದಾಗ ‘ಸರಿಯಾಗಿ ಹಿಡಿಯೋ’ ಎಂದು ಕೂಗುವುದರಿಂದ ಏನೂ ಆಗುವುದಿಲ್ಲ. ಹೇಗೆ ಬಿತ್ತು ಎಂಬುದನ್ನು ನೋಡಿ:

- ಎದೆಗೆ ಬಡಿದು ಪುಟಿದರೆ ಕೈ ತಡವಾಗಿ ಎದ್ದಿದೆ.
- ಎರಡು ಕೈ ನಡುವೆ ನುಸುಳಿದರೆ ಮೊಣಕೈ ಹೊರಗೆ ಅಗಲವಾಗಿದೆ, ಹೆಬ್ಬೆಟ್ಟು ದೂರವಿದೆ.
- ಬೆರಳ ತುದಿಗೆ ತಾಗಿ ಮುಂದಕ್ಕೆ ಬಿದ್ದರೆ ಹಿಡಿಯುವ ಮೊದಲೇ ಕಣ್ಣು ಎದುರಾಳಿಯತ್ತ ಹೋಗಿದೆ. ಪಂದ್ಯದ ನಾಕ್ ಆನ್‌ಗಳಲ್ಲಿ (ಚೆಂಡು ಕೈಗೆ ತಾಗಿ ಮುಂದಕ್ಕೆ ಬೀಳುವ ತಪ್ಪು) ಹೆಚ್ಚಿನವು ಇವೇ.
- ‘ಟಪ್’ ಎಂದು ಚಪ್ಪಾಳೆಯಂಥ ಸದ್ದು ಬಂದರೆ ಚೆಂಡು ಅಂಗೈಗೆ ಬಡಿದಿದೆ. ಈ ಬಾರಿ ನಿಂತಿರಬಹುದು, ಒದ್ದೆಯಾದ ದಿನ ನಿಲ್ಲುವುದಿಲ್ಲ. ಬೆರಳಲ್ಲಿ ಹಿಡಿದ ಕ್ಯಾಚಿಗೆ ಸದ್ದೇ ಇರುವುದಿಲ್ಲ. ನೀವು ಬೆನ್ನು ತಿರುಗಿಸಿ ನಿಂತು ಕಿವಿಯಿಂದಲೇ ಎಣಿಸಬಹುದು.

ಇನ್ನೊಂದು ಮಾತು: ಚೆಂಡು ಕೈಜಾರಿ ಹಿಂದಕ್ಕೆ ಬಿದ್ದರೆ ತಪ್ಪಲ್ಲ, ಆಟ ಮುಂದುವರಿಯುತ್ತದೆ. ಹೊಸಬರು ಚೆಂಡು ಬಿದ್ದ ಕೂಡಲೇ ನಿಂತು ವಿಷಲ್‌ಗೆ ಕಾಯುತ್ತಾರೆ. ಹಿಂದಕ್ಕೆ ಬಿದ್ದದ್ದನ್ನು ಬಾಚಿ ಎತ್ತಿಕೊಳ್ಳಲು ಮೊದಲ ವಾರದಿಂದಲೇ ರೂಢಿ ಮಾಡಿಸಿ.

## ಹಂತ 3: ತಿರುಗದ ಗಿಡ್ಡ ಪಾಸ್

ಅಂತರ 3 ಮೀಟರ್. ಚೆಂಡನ್ನು ಹೊಟ್ಟೆಯ ಮುಂದೆ ಎರಡೂ ಕೈಯಲ್ಲಿ, ಒಂದು ತುದಿ ಮೇಲೆ ಒಂದು ತುದಿ ಕೆಳಗೆ ಬರುವಂತೆ ಹಿಡಿಯಬೇಕು. ಬೆರಳು ನಡುವಿನಿಂದ ತುಸು ಕೆಳಗೆ, ಹರಡಿಕೊಂಡಿರಲಿ.

1. ತಲೆ ತಿರುಗಿಸಿ, ಹಿಡಿಯುವವರ ಕೈ ನೋಡಿ. ಮುಖವನ್ನಲ್ಲ, ಕೈಯನ್ನು.
2. ಚೆಂಡನ್ನು ಮೈಗೆ ಅಡ್ಡಲಾಗಿ ತೂಗಿ. ಬಲದಿಂದ ಎಡಕ್ಕೆ ಹೋಗುವ ಪಾಸಿಗೆ ತಳ್ಳುವ ಬಲ ಬಲಗೈಯದು, ಎಡಗೈ ದಾರಿ ತೋರಿಸುತ್ತದೆ. ಎಡದಿಂದ ಬಲಕ್ಕೆ ಇದರ ವಿರುದ್ಧ.
3. ಕೊನೆಗೆ ಮಣಿಕಟ್ಟು ಮತ್ತು ಬೆರಳಿಂದ ತಳ್ಳಿ.
4. ಚೆಂಡು ಹೋದ ಮೇಲೂ ಹತ್ತು ಬೆರಳು ಹಿಡಿಯುವವರ ಕೈಯತ್ತಲೇ ಚಾಚಿ ನಿಲ್ಲಲಿ.

ನಾಲ್ಕನೆಯದನ್ನು ನೋಡಿದರೆ ಉಳಿದ ಮೂರೂ ಗೊತ್ತಾಗುತ್ತವೆ. ಬೆರಳು ಆಕಾಶ ನೋಡುತ್ತಿದ್ದರೆ ಚೆಂಡು ಮೇಲೆದ್ದು ತೇಲಿರುತ್ತದೆ, ಅಂಥ ಪಾಸನ್ನು ಎದುರಾಳಿ ನಡುವೆ ನುಗ್ಗಿ ಕಸಿಯುತ್ತಾನೆ. ಬೆರಳು ನೆಲ ನೋಡುತ್ತಿದ್ದರೆ ಚೆಂಡು ಮಂಡಿಗೆ ಹೋಗಿರುತ್ತದೆ. ಪಾಸ್ ತಲುಪಬೇಕಾದ್ದು ಎದೆಯ ಮಟ್ಟದಲ್ಲಿ, ಮೈಗಿಂತ ಒಂದು ಚೆಂಡಿನ ಉದ್ದದಷ್ಟು ಮುಂದೆ. ಓಡುವವರು ಅದಕ್ಕೆ ಓಡಿಕೊಂಡೇ ಸೇರುವಂತಿರಬೇಕು.

ಬಲಗೈ ಮಕ್ಕಳಿಗೆ ಎಡದಿಂದ ಬಲಕ್ಕೆ ಕೊಡುವುದು ಕಷ್ಟ. ಹೀಗಾಗಿ ಆ ಕಡೆಗೆ ದುಪ್ಪಟ್ಟು ಪಾಸ್ ಮಾಡಿಸಿ: ಸುಲಭದ ಕಡೆ ಇಪ್ಪತ್ತು, ಕಷ್ಟದ ಕಡೆ ನಲವತ್ತು. ತಂಡದ ಅರ್ಧ ಜನ ಒಂದೇ ಕಡೆಗೆ ಪಾಸ್ ಕೊಡುತ್ತಾರೆಂದು ಗೊತ್ತಾದರೆ ಎದುರಾಳಿಗಳು ಮೈದಾನದ ಅರ್ಧ ಭಾಗವನ್ನಷ್ಟೇ ಕಾಯುತ್ತಾರೆ.

## ಹಂತ 4: ಪಟ್ಟಿಯೊಳಗೆ ಓಡುತ್ತಾ

ನಿಂತಾಗ ಬರುತ್ತಿದ್ದದ್ದು ಓಡಿದಾಗ ಕೆಡುವುದು ಇಲ್ಲಿ. ಪಾಸ್ ಕೊಡುವವರು ಕೊಡುವ ದಿಕ್ಕಿಗೇ ವಾಲಿ ಓಡುತ್ತಾರೆ, ಎಲ್ಲರೂ ಗುಂಪಾಗಿ ಮೈದಾನದ ಪಕ್ಕದ ಅಂಚಿನ ಗೆರೆ, ಅಂದರೆ ಟಚ್ ಲೈನ್ ಸೇರುತ್ತಾರೆ.

ಅದಕ್ಕೇ ಪಟ್ಟಿ. 3 ಮೀಟರ್ ಅಗಲದ ನಾಲ್ಕು ಪಟ್ಟಿಯನ್ನು 25 ಮೀಟರ್ ಉದ್ದಕ್ಕೆ ಪುಡಿಯಲ್ಲಿ ಎಳೆಯಿರಿ. ಪಟ್ಟಿಗೊಬ್ಬರು. ಚೆಂಡು ಇರುವವರು ಎಲ್ಲರಿಗಿಂತ ಮುಂದೆ, ಉಳಿದವರು ತಲಾ 2 ಮೀಟರ್ ಹಿಂದೆ, ಓರೆಸಾಲಿನಲ್ಲಿ. ಗೆರೆ ದಾಟಿದರೆ ಆ ಸರದಿ ಲೆಕ್ಕಕ್ಕಿಲ್ಲ.

ಮೊದಲು ನಡೆಯುತ್ತಾ, ಆಮೇಲೆ ನಿಧಾನ ಓಟ, ಕೊನೆಗೆ ಮುಕ್ಕಾಲು ವೇಗ. ಹೋಗುವಾಗ ಚೆಂಡು ಎಡದಿಂದ ಬಲಕ್ಕೆ, ಬರುವಾಗ ಬಲದಿಂದ ಎಡಕ್ಕೆ. ಹಿಡಿದ ಕೈಯಲ್ಲೇ, ಹೊಟ್ಟೆಗೆ ಒತ್ತಿಕೊಳ್ಳದೆ, ಒಂದೇ ತೂಗಿಗೆ ಮುಂದಿನವರಿಗೆ ಹೋಗಬೇಕು.

ಹೆಚ್ಚು ಕಾಣುವ ತಪ್ಪು, ಹಿಡಿಯುವವರು ಪಾಸ್ ಕೊಡುವವರಿಗಿಂತ ಮುಂದೆ ಹೋಗಿಬಿಡುವುದು. ಆಗ ಫಾರ್ವರ್ಡ್ ಪಾಸ್ (ಮುಂದಕ್ಕೆ ಕೊಡುವ ಪಾಸ್, ರಗ್ಬಿಯಲ್ಲಿ ಅದು ತಪ್ಪು) ಕೊಡದೆ ಬೇರೆ ದಾರಿಯೇ ಇರುವುದಿಲ್ಲ. ಬೈಸಿಕೊಳ್ಳುವವನು ಪಾಸ್ ಕೊಟ್ಟವನು, ತಪ್ಪು ಮಾಡಿದವನು ಹಿಡಿಯಲು ಬಂದವನು! ‘ತಡವಾಗಿ ಹೊರಡು, ಜೋರಾಗಿ ಬಾ’ ಎಂದು ಹೇಳಿ. ಚೆಂಡು ಪಕ್ಕದವರ ಕೈಗೆ ಬಂದ ಮೇಲೆಯೇ ವೇಗ ಏರಿಸಬೇಕು.

ಫಾರ್ವರ್ಡ್ ಪಾಸ್ ತೀರ್ಮಾನಿಸುವಾಗ ನೆಲದ ಗೆರೆ ನೋಡಬೇಡಿ, ಪಾಸ್ ಕೊಟ್ಟವರ ಕೈ ಎತ್ತ ಹೋಯಿತು ನೋಡಿ. ಜೋರಾಗಿ ಓಡುವವರು ಹಿಂದಕ್ಕೆ ಕೊಟ್ಟ ಚೆಂಡೂ ಅವರ ವೇಗದಿಂದಲೇ ಒಂದಷ್ಟು ಮುಂದೆ ಸಾಗಬಹುದು, ಅದು ತಪ್ಪಲ್ಲ.

ಪಾಸ್ ಕೊಟ್ಟು ನಿಂತು ನೋಡುವವರನ್ನೂ ಬಿಡಬೇಡಿ. ಕೊಟ್ಟ ಕೂಡಲೇ ಹಿಂದೆ ಸರಿದು, ಮತ್ತೆ ಹಿಡಿಯಲು ಸಿದ್ಧರಾಗಿ ಓಡಬೇಕು. ಸೆವೆನ್ಸ್ ಎಂಬ ರಗ್ಬಿಯ ಚಿಕ್ಕ ರೂಪದಲ್ಲಿ ಪೂರ್ತಿ ಮೈದಾನದಲ್ಲಿ ತಂಡಕ್ಕೆ ಏಳೇ ಜನ ಆಡುತ್ತಾರೆ, ಒಬ್ಬರು ನಿಂತರೂ ಚೆಂಡು ಹಿಡಿದವರು ಒಂಟಿ.

## ಹಂತ 5: ಇಬ್ಬರಿಗೆ ಒಬ್ಬ ಎದುರಾಳಿ

10 ಮೀಟರ್ ಅಗಲ, 20 ಮೀಟರ್ ಉದ್ದದ ಚೌಕ. ಒಂದು ತುದಿಯಲ್ಲಿ ಇಬ್ಬರು, ಎದುರಿನ ತುದಿಯಲ್ಲಿ ಒಬ್ಬ. ಟ್ಯಾಕಲ್ (ಹಿಡಿದು ಕೆಡವುವುದು) ಬೇಡ, ಸೊಂಟದ ಕೆಳಗೆ ಎರಡೂ ಕೈಯಿಂದ ಮುಟ್ಟಿದರೆ ಔಟ್.

ಚೆಂಡು ಹಿಡಿದವರು ಎದುರಾಳಿಯನ್ನು ತಪ್ಪಿಸಿ ಓಡಬಾರದು. ಅವನತ್ತಲೇ, ತಮ್ಮ ಜೊತೆಗಾರ ಇಲ್ಲದ ಕಡೆಯ ಭುಜಕ್ಕೆ ಗುರಿಯಿಟ್ಟು ನೇರ ಓಡಬೇಕು. ಆಗ ಅವನು ಕಾಲೂರಿ ನಿಲ್ಲಲೇಬೇಕು. ಅವನು ನಿಂತ ಕ್ಷಣವೇ ಪಾಸ್.

ಎಷ್ಟು ದೂರದಲ್ಲಿ? ಸುಮಾರು 2ರಿಂದ 3 ಮೀಟರ್ ಇರುವಾಗ. 5 ಮೀಟರ್ ಇರುವಾಗಲೇ ಕೊಟ್ಟರೆ ಅವನು ಆರಾಮಾಗಿ ಜೊತೆಗಾರನತ್ತ ಸರಿದುಕೊಳ್ಳುತ್ತಾನೆ. ಒಂದು ಮೀಟರಿಗೆ ಬಂದ ಮೇಲಾದರೆ ಕೈ ಸಿಕ್ಕಿಬಿದ್ದಿರುತ್ತದೆ. ಹೊಸಬರೆಲ್ಲ ಬೇಗ ಕೊಡುವವರೇ, ಹೆದರಿಕೆ ಅಷ್ಟೆ. ಎದುರಾಳಿಯನ್ನು ಮೊದಲು ನಡೆಯುತ್ತಾ ಬರಲು ಹೇಳಿದರೆ ಹೆದರಿಕೆ ಇಳಿಯುತ್ತದೆ.

ಎರಡೂ ಕೈಯಲ್ಲಿ ಚೆಂಡು ಇರಲೇಬೇಕು. ಕಂಕುಳಲ್ಲಿ ಸಿಕ್ಕಿಸಿಕೊಂಡು ಬರುವವರು ಪಾಸ್ ಕೊಡುವುದಿಲ್ಲವೆಂದು ಎದುರಾಳಿಗೆ ಅಲ್ಲೇ ಗೊತ್ತಾಗಿಬಿಡುತ್ತದೆ. ಜೊತೆಗಾರ 3ರಿಂದ 4 ಮೀಟರ್ ಪಕ್ಕದಲ್ಲಿ, 2 ಮೀಟರ್ ಹಿಂದೆ ಇದ್ದು, ತನ್ನ ಕಡೆ ಹೇಳಿ ಕೂಗಬೇಕು: ‘ಎಡಕ್ಕೆ’, ‘ಬಲಕ್ಕೆ’. ಬರೀ ‘ಕೊಡು ಕೊಡು’ ಅಂದರೆ ಯಾರು, ಎಲ್ಲಿ ಎಂದು ಗೊತ್ತಾಗುವುದಿಲ್ಲ.

ಹತ್ತರಲ್ಲಿ ಏಳು ಸಲ ದಾಟಿದರೆ ಮೂವರಿಗೆ ಇಬ್ಬರು ಮಾಡಿ, ಅಗಲ 15 ಮೀಟರಿಗೆ ಏರಿಸಿ. ದಾಟದಿದ್ದರೆ ಅಗಲ ಹೆಚ್ಚಿಸಿ, ವೇಗ ತಗ್ಗಿಸಿ. ಆಟಗಾರರ ಮೇಲೆ ರೇಗಿ ಉಪಯೋಗವಿಲ್ಲ.

## ಹಂತ 6: ತಿರುಗುವ ಪಾಸ್

5 ಮೀಟರ್ ಒಳಗಿನ ಪಾಸಿಗೆ ಇದು ಬೇಕಿಲ್ಲ. ತಿರುಗುವ ಚೆಂಡು ವೇಗವಾಗಿ ಬರುತ್ತದೆ, ಹತ್ತಿರದಿಂದ ಹಿಡಿಯುವುದು ಕಷ್ಟ. 8 ಮೀಟರ್ ಮೇಲ್ಪಟ್ಟ ದೂರಕ್ಕೆ ಮಾತ್ರ ಉಪಯೋಗ.

ತಳ್ಳುವ ಕೈ ಚೆಂಡಿನ ಹಿಂಭಾಗಕ್ಕೆ, ತುಸು ಕೆಳಗೆ ಸರಿಯಬೇಕು. ಮುಂದಿನ ಕೈ ಬೆರಳಲ್ಲಿ ಹಗುರವಾಗಿ ಆನಿಸಿರಲಿ. ತೂಗು ಮೊದಲಿನಂತೆಯೇ. ಬಿಡುವ ಕ್ಷಣದಲ್ಲಿ ಹಿಂದಿನ ಕೈಯ ಬೆರಳು ಚೆಂಡಿನ ಮೈಯನ್ನು ಕೆಳಗಿಂದ ಮೇಲೆ ಸವರಿಕೊಂಡು ಹೋಗಬೇಕು, ತಿರುಗುವಿಕೆ ಬರುವುದು ಅಲ್ಲಿಂದ. ಭುಜದಿಂದ ಬೀಸಿದರೆ ಚೆಂಡು ತೂರಾಡುತ್ತದೆ. 4 ಮೀಟರ್‌ನಿಂದ ಶುರು ಮಾಡಿ, ತೂರಾಟ ನಿಂತ ಮೇಲೆ ಒಂದೊಂದೇ ಮೀಟರ್ ಹಿಂದೆ ಸರಿಸಿ. ದೂರಕ್ಕೆ ಎಸೆಯುವ ಪೈಪೋಟಿಗೆ ಬಿದ್ದರೆ ಕಲಿತದ್ದೆಲ್ಲ ಹೋಗುತ್ತದೆ.

## ಹಂತ 7: ಮಳೆ, ಇಬ್ಬನಿ, ಎತ್ತರದ ಚೆಂಡು

ಸಕಲೇಶಪುರ, ಮೂಡಿಗೆರೆ, ಕೊಪ್ಪದಂಥ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣ ಚೆಂಡು ಸಿಗುವುದೇ ಅಪರೂಪ. ಬಯಲುಸೀಮೆಯವರೂ ಅಲ್ಲಿಗೆ ಆಡಲು ಹೋಗುವ ಮುಂಚೆ ಒಂದು ಬಕೆಟ್ ನೀರಿನಲ್ಲಿ ಚೆಂಡು ಅದ್ದಿ ಅಭ್ಯಾಸ ಮಾಡಿ. ಒದ್ದೆ ಚೆಂಡಿಗೆ ಅಂತರ ಕಾಲು ಭಾಗ ಇಳಿಸಿ, ತಿರುಗಿಸುವುದನ್ನು ಬಿಡಿ. ಹಿಡಿದ ಕೂಡಲೇ ಮೈಗೆ ತಂದುಕೊಳ್ಳಲು ಒದ್ದೆ ದಿನ ಮಾತ್ರ ಅನುಮತಿ ಕೊಡಿ.

ಅಭ್ಯಾಸ ಮುಗಿದ ಮೇಲೆ ಕೆಸರು ತೊಳೆದು, ಒರೆಸಿ, ನೆರಳಲ್ಲಿ ಇಡಿ. ಬೇಗ ಒಣಗಲೆಂದು ಬಚ್ಚಲ ಹಂಡೆ ಒಲೆಯ ಪಕ್ಕ ಇಟ್ಟರೆ ಒಳಗಿನ ಬ್ಲಾಡರ್ ಹಾಳಾಗುತ್ತದೆ, ಮೇಲಿನ ಹಿಡಿತದ ಗುಳ್ಳೆಗಳೂ ನುಣುಪಾಗುತ್ತವೆ. ಗುಳ್ಳೆ ಸವೆದ ಚೆಂಡನ್ನು ಮಳೆಗಾಲದಲ್ಲಿ ಬಳಸಬೇಡಿ.

ಎತ್ತರದ ಚೆಂಡಿಗೆ ಕೈ ಹಣೆಯ ಮೇಲೆ ಎತ್ತಿರಬೇಕು, ಮೊಣಕೈಗಳು ಹತ್ತಿರ ಸೇರಿರಬೇಕು, ಮೈ ಅರ್ಧ ಓರೆಯಾಗಿರಬೇಕು. ಓರೆ ನಿಂತರೆ ಕೈಜಾರಿದರೂ ಚೆಂಡು ಮುಂದಕ್ಕೆ ಹೋಗುವ ಸಾಧ್ಯತೆ ಕಡಿಮೆ. ಹಿಡಿದ ಮೇಲೆ ಎದೆಗೆ ಇಳಿಸಿಕೊಳ್ಳಿ. ‘ನನ್ನದು’ ಎಂದು ಜೋರಾಗಿ ಕೂಗದೆ ಯಾರೂ ಹೋಗಬಾರದು, ಇಬ್ಬರ ತಲೆ ಡಿಕ್ಕಿಯಾಗುವುದು ಇಲ್ಲೇ. ಹಾರಿ ಗಾಳಿಯಲ್ಲಿರುವವರನ್ನು ಮುಟ್ಟುವಂತಿಲ್ಲ ಎಂಬುದನ್ನು ಅಭ್ಯಾಸದಲ್ಲೂ ಜಾರಿ ಮಾಡಿ.

## ಅಭ್ಯಾಸ ನಿಲ್ಲಿಸಬೇಕಾದ ಸೂಚನೆಗಳು

ಬೆರಳಿಗೆ ಚೆಂಡು ಬಡಿದು ನೋವಾದರೆ ಬೆರಳು ಎಳೆದು ‘ಲಟಿಕೆ’ ತೆಗೆಯುವುದು ನಮ್ಮ ಕಡೆಯ ಕೆಟ್ಟ ರೂಢಿ. ಮೂಳೆ ಬಿರುಕು ಬಿಟ್ಟಿದ್ದರೆ ಅದರಿಂದ ಇನ್ನಷ್ಟು ಸರಿದುಕೊಳ್ಳುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು-ಹದಿನೈದು ನಿಮಿಷ ಇಡಿ. ಬೆರಳು ಸೊಟ್ಟಗಾಗಿದ್ದರೆ, ತುದಿ ತಾನಾಗಿ ನೆಟ್ಟಗಾಗದಿದ್ದರೆ, ಮಡಚಲು ಬಾರದಿದ್ದರೆ ಎಳೆಯದೆ ಎಕ್ಸ್-ರೇಗೆ ಕಳಿಸಿ.

ತಲೆಗೆ ಪೆಟ್ಟಾಗಿ ಮಂಕು ಕವಿದರೆ, ವಾಂತಿ ಬಂದರೆ, ಸ್ಕೋರು ಎಷ್ಟೆಂದು ಹೇಳಲು ತಡವರಿಸಿದರೆ, ಹೆಜ್ಜೆ ತಪ್ಪಿದರೆ, ಅಂದು ಆಟ ಮುಗಿಯಿತು. ‘ಏನಿಲ್ಲ ಸಾರ್, ಆಡ್ತೀನಿ’ ಅಂದರೂ ಒಳಗೆ ಬಿಡುವಂತಿಲ್ಲ. ಒಂಟಿಯಾಗಿ ಮನೆಗೆ ಕಳಿಸದೆ ವೈದ್ಯರ ಬಳಿ ಕರೆದೊಯ್ಯಿರಿ. ಮೈ ತಾಗುವ ಅಭ್ಯಾಸ ಶುರುವಾದ ದಿನದಿಂದ ಮೌತ್ ಗಾರ್ಡ್ (ಹಲ್ಲಿಗೆ ಹಾಕುವ ರಕ್ಷಾಕವಚ) ಇಲ್ಲದವರನ್ನು ಇಳಿಸಬೇಡಿ.

ಆಟದ ಕಡೆಯಿಂದಲೂ ಒಂದು ಸೂಚನೆ ಇದೆ: ಕೊನೆಯ ಹದಿನೈದು ನಿಮಿಷದಲ್ಲಿ ಚೆನ್ನಾಗಿ ಹಿಡಿಯುವವರೂ ಬಿಡಲು ಶುರು ಮಾಡಿದರೆ ಅದು ದಣಿವು. ಆ ಹೊತ್ತಿನಲ್ಲಿ ಹೆಚ್ಚು ಪಾಸ್ ಮಾಡಿಸಿದರೆ ತಪ್ಪೇ ರೂಢಿಯಾಗುತ್ತದೆ. ನಿಲ್ಲಿಸಿ, ಓಟದ ಆಟಕ್ಕೆ ಬಿಡಿ.

## ವಾರದ ಲೆಕ್ಕ

ವಾರಕ್ಕೆ ಎರಡು ದಿನ, ದಿನಕ್ಕೆ ಒಂದು ಗಂಟೆ ಸಿಕ್ಕರೆ ಹೀಗೆ ಹಂಚಿ: ಮೈ ಬಿಸಿ ಮಾಡುವುದು ಮತ್ತು ಬೆರಳ ಆಟ 10 ನಿಮಿಷ, ಆಗ ನಡೆಯುತ್ತಿರುವ ಹಂತ 25 ನಿಮಿಷ, ಅದೇ ಹಂತವನ್ನು ಬಳಸಬೇಕಾದ ಟಚ್ ಆಟ (ಕೆಡವದೆ, ಬರೀ ಮುಟ್ಟಿ ತಡೆಯುವ ಆಟ) 20 ನಿಮಿಷ, ಉಳಿದದ್ದು ಸಾಮಾನು ಎತ್ತಿಡಲು. ಟಚ್ ಆಟವನ್ನು ಕತ್ತರಿಸಬೇಡಿ. ಸಾಲಿನಲ್ಲಿ ಕಲಿತದ್ದು ಗದ್ದಲದಲ್ಲಿ ನಿಲ್ಲುತ್ತದೆಯೇ ಎಂದು ಗೊತ್ತಾಗುವುದು ಅಲ್ಲಿ ಮಾತ್ರ.

ಈ ಲೆಕ್ಕದಲ್ಲಿ ಎರಡನೇ ಹಂತಕ್ಕೆ ಎರಡು-ಮೂರು ವಾರ, ನಾಲ್ಕು ಮತ್ತು ಐದಕ್ಕೆ ತಲಾ ಮೂರು-ನಾಲ್ಕು ವಾರ ಹಿಡಿಯುತ್ತದೆ. ತಾಲ್ಲೂಕು ಮಟ್ಟದ ಪಂದ್ಯ ಹತ್ತಿರ ಬಂತೆಂದು ಆರನೇ ಹಂತಕ್ಕೆ ಹಾರಬೇಡಿ. ತಿರುಗುವ ಪಾಸ್ ಬಾರದ ತಂಡವೂ ಗಿಡ್ಡ ಪಾಸಿನಲ್ಲೇ ಪಂದ್ಯ ಆಡಬಹುದು. ಪಂದ್ಯದ ಹಿಂದಿನ ಮೂರು ದಿನ ಹೊಸದೇನೂ ಬೇಡ, ಅಂಕಿ ಬರೆದ ಚೆಂಡು ತೆಗೆದುಕೊಂಡು ಎರಡನೇ ಹಂತವನ್ನೇ ಮತ್ತೆ ಮಾಡಿಸಿ.